ಫ್ಯಾನಿಲ್ಲದ ಲ್ಯಾಪ್‌ಟಾಪಿನ ಬಿಸಿ

ಭಾಮಾಬಾಯಿ ಕಟ್ಟಿ ಯಾರನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಪುಣೆಯ ಧನಕವಡಿಯ ನಮ್ಮ ಸೊಸಾಯಟಿಯಲ್ಲಿ ಇದು ವಾಚ್‌ಮನ್‌ನಿಂದ ಹಿಡಿದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವರು. ತರಕಾರಿಯವನ ತಕ್ಕಡಿಯ ತಳವನ್ನು ಬೆರಳಿಂದ ಸವರುವರು. ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಅವನ ಕಣ್ಣೆದುರಿಗೇ ಅದರ ಬಾಯಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ಕಾಯುವರು.

ನಾನು ಅವರ ಮನೆಯ ಮೇಲಿನ ಮಹಡಿಯಲ್ಲಿರುವವಳು. ಒಮ್ಮೆ ಕೇಳಿದ್ದೆ, ಇಷ್ಟು ಅನುಮಾನ ಎಲ್ಲಿಂದ ಬಂತು ಅಂತ. ಅವರು ನಕ್ಕು ಹೇಳಿದ್ದು ಹೀಗೆ: "ಧಾರವಾಡದಿಂದ ಲಗ್ನಾಗಿ ಇಲ್ಲಿ ಬಂದಾಗ ನಂಗ ಮರಾಠಿ ಒಂದಕ್ಷರ ಬರ್ತಿದ್ದಿಲ್ಲ. ಯಾರು ಏನ ಕೇಳಿದ್ರೂ 'ಹೋ, ಹೋ', ಹೌದು ಹೌದು, ಅಂತಿದ್ದೆ. ಕೊಳತ ಬದನಿಕಾಯಿಗೂ ಹೋ, ಹರದ ಸೀರಿಗೂ ಹೋ. ಆಮ್ಯಾಲ ಭಾಷಾ ಬಂತು. ಆದ್ರ ಅಷ್ಟರಾಗ ಈ ಗುಣ ಮೈಗೆ ಹತ್ತಿಬಿಟ್ಟಿತ್ತು."

ಅವರ ಯಜಮಾನರು ಅವಧೂತರಾವ, ಬೆಳಗಾವಿಯವರು. ಖಡಕಿಯ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ನಕ್ಷೆ ತೆಗೆಯುತ್ತ ಇಡೀ ನೌಕರಿ ಮುಗಿಸಿದವರು. ಮಾತು ಕಡಿಮೆ. ಪಟ್ಟಿ ಹಿಡಿಯದೆ ಕಾಗದದ ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಗೆರೆ ಎಳೆಯಬಲ್ಲೆ ಎಂಬುದೊಂದೇ ಅವರ ಬಡಿವಾರ. ಮಗಳು ಮಂಜರಿ ಮದುವೆಯಾಗಿ ಊರಿನ ಆಚೆ ತುದಿಯ ವಾಕಡ ಕಡೆ ಇದ್ದಾಳೆ. ಭಾಮಾಬಾಯಿ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ನಿವೃತ್ತರಾದ ಮೇಲೆ ಹಿಡಿದ ಕೆಲಸವೇ ಈ ಓದು. ಹುಬ್ಬಳ್ಳಿಯ ಕಡೆಯ ಒಂದು ಸಂಸ್ಥೆಗೆ ಅವರು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸಿ ಕಳಿಸುತ್ತಿದ್ದರು. ಕಣ್ಣಿಲ್ಲದ ವಿದ್ಯಾರ್ಥಿಗಳು ಅದನ್ನು ಕೇಳಿ ಓದಿಕೊಳ್ಳುತ್ತಿದ್ದರು. ಚರಿತ್ರೆಯ ಪಾಠ, ಪ್ರವಾಸದ ಕಥನ, ಒಮ್ಮೆ ಒಂದು ಅಡಿಗೆಯ ಪುಸ್ತಕವನ್ನೂ ಓದಿದ್ದರು.

ಇದಕ್ಕಾಗಿ ಮನೆಯ ಸಾಮಾನು ಇಡುವ ಅಡಗಲಕೋಣೆಯನ್ನೇ ಖಾಲಿ ಮಾಡಿಸಿಕೊಂಡಿದ್ದರು. ತವರಿನಿಂದ ಬಂದ ಕೌದಿಗಳನ್ನು ನಾಲ್ಕೂ ಗೋಡೆಗೆ ನೇತು ಹಾಕಿದ್ದರು, ಕೆಳಗೂ ಕೌದಿ ಹಾಸಿದ್ದರು. ಹೊರಗೆ ಕಾತ್ರಜ ರಸ್ತೆಯ ಬಸ್ಸುಗಳು ಎಷ್ಟೇ ಹಾರ್ನ್ ಹೊಡೆದರೂ ಒಳಗೆ ಕೇಳಿಸುತ್ತಿರಲಿಲ್ಲ. ಆದರೆ ಸದ್ದು ಕೋಣೆಯೊಳಗೇ ಇತ್ತು. ಅವರ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ತಿರುಗುತ್ತಿತ್ತು. ಸಂಸ್ಥೆಯವರು ಫೋನ್ ಮಾಡಿ, "ಅಕ್ಕಾರ, ನಿಮ್ಮ ಓದು ಚೊಲೋ ಅದ, ಆದ್ರ ಹಿಂದ ಏನೋ ಗುಂಯ್ ಅಂತದ" ಎಂದಾಗ ಭಾಮಾಬಾಯಿಗೆ ಅವಮಾನವಾಯಿತು. ಹೊಸದನ್ನು ಕೊಳ್ಳುವುದೆಂದು ಆವತ್ತೇ ನಿಶ್ಚಯಿಸಿದರು.

ಮಂಜರಿ ಅವ್ವ ಅಪ್ಪ ಇಬ್ಬರನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ಅಲ್ಲಿದ್ದ ವಿಕಾಸ ಎಂಬ ತರುಣ ತೆಳ್ಳನೆಯ ಒಂದು ಲ್ಯಾಪ್‌ಟಾಪನ್ನು ಅಂಗೈ ಮೇಲಿಟ್ಟು ತೋರಿಸಿದ. "ಕಾಕೂ, ಯಾಲಾ ಫ್ಯಾನಚ್ ನಾಹೀ," ಚಿಕ್ಕಮ್ಮಾ, ಇದಕ್ಕೆ ಫ್ಯಾನೇ ಇಲ್ಲ, ಎಂದ.

ಭಾಮಾಬಾಯಿ ಮರಾಠಿಯಲ್ಲೇ ಕೇಳಿದರು: "ಫ್ಯಾನಿಲ್ಲ ಅಂದರೆ ಬಿಸಿ ಎಲ್ಲಿಗೆ ಹೋಗುತ್ತದೆ?"

"ಮೈಯೆಲ್ಲ ಲೋಹ ಕಾಕೂ. ಬಿಸಿ ಮೈಯಲ್ಲೇ ಹರಡಿ ಗಾಳಿಗೆ ಹೋಗುತ್ತದೆ."

"ಗಾಳಿಗೋ, ನನ್ನ ತೊಡೆಗೋ?"

ವಿಕಾಸ ನಕ್ಕ. ಭಾಮಾಬಾಯಿ ನಗಲಿಲ್ಲ. ಬಣ್ಣ ಮಾತ್ರ ಅವರಿಗೆ ಹಿಡಿಸಿತ್ತು. ಕಪ್ಪೆಂದರೆ ಕಪ್ಪಲ್ಲ, ನೀಲಿಯೆಂದರೆ ನೀಲಿಯಲ್ಲ, ಮಗ್ಗುಲು ಬದಲಿಸಿದರೆ ಚಂದ್ರಕಾಳಿ ಸೀರೆಯ ಹಾಗೆ ಮಿಂಚುತ್ತಿತ್ತು. ಹಿಡಿಸಿತು ಎಂದೇ ಅನುಮಾನ ಹೆಚ್ಚಾಯಿತು. ಈ ಬಣ್ಣ ಎಷ್ಟು ದಿನ ನಿಲ್ಲುತ್ತದೆ? ಇದು ಮೇಲೆ ಬಳಿದ ಬಣ್ಣವಲ್ಲ, ಲೋಹಕ್ಕೇ ಹಿಡಿಸಿದ್ದು, ಸುಲಿಯುವುದಿಲ್ಲ ಎಂದು ವಿಕಾಸ ಹೇಳಿದ. ಭಾಮಾಬಾಯಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಅಂಚನ್ನು ಉಜ್ಜಿ ನೋಡಿದರು. ಸೆರಗಿಗೆ ಏನೂ ಹತ್ತಲಿಲ್ಲ. ಆಮೇಲೆ ಯಜಮಾನರ ಕಡೆ ತಿರುಗಿ, "ನೀವು ನೋಡ್ರಿ ಒಂದಿಷ್ಟು, ಕೂದಲೆಳಿ ಗೀರಿದ್ರೂ ಹಿಡಿಯೋವ್ರು ನೀವು" ಎಂದರು. ಅವಧೂತರಾವ ಮುಚ್ಚಳದ ಮೇಲೆ ಅಂಗೈ ಆಡಿಸಿ, "ಚೊಲೋ ಅದ, ತಗೋ" ಎಂದಷ್ಟೇ ಹೇಳಿದರು.

ಮನೆಗೆ ಬಂದ ಮೇಲೆ ಪರೀಕ್ಷೆ ಶುರುವಾಯಿತು. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವಂತೆ ಭಾಮಾಬಾಯಿ ಮುಂಗೈಯನ್ನು ಲ್ಯಾಪ್‌ಟಾಪಿನ ಹೊಟ್ಟೆಗೆ ಒತ್ತಿ ಒತ್ತಿ ನೋಡುವರು. ಬೆಳಗ್ಗೆ ತಣ್ಣಗೆ. ಒಂದು ಅಧ್ಯಾಯ ಓದುವಷ್ಟರಲ್ಲಿ, ಚಹಾ ಸುರಿದ ಬಸಿಯ ತಳದಷ್ಟು ಬೆಚ್ಚಗೆ. ಅದು ಸಹಿಸುವ ಬಿಸಿ. ಕೌದಿಯ ಮೇಲಿಟ್ಟರೆ ಮಾತ್ರ ಕೆಳಗಿನ ಬಿಸಿ ಹೋಗಲು ದಾರಿ ಸಿಗದೆ ಏರುತ್ತಿತ್ತು. ಅದನ್ನು ಕಂಡುಕೊಂಡ ದಿನದಿಂದ ಊಟದ ಮಣೆಯೊಂದರ ಮೇಲೆ ಇಟ್ಟುಕೊಂಡು ಓದತೊಡಗಿದರು.

ಏಪ್ರಿಲ್ ಮೇ ತಿಂಗಳು ಕಷ್ಟದವು. ಪುಣೆಯ ಬಿಸಿಲಿಗೆ ಅಡಗಲಕೋಣೆ ಕುದಿಯುತ್ತಿತ್ತು. ಓದಿದ್ದನ್ನೆಲ್ಲ ಒಟ್ಟುಗೂಡಿಸಿ ಕಳಿಸುವ ಕೆಲಸ ಕೊಟ್ಟರೆ ಕೀಲಿಮಣೆಯ ಮೇಲ್ಭಾಗ ಬೆರಳಿಡಲಾಗದಷ್ಟು ಸುಡುತ್ತಿತ್ತು, ಮತ್ತು ಯಂತ್ರವೇ ನಿಧಾನವಾಗುತ್ತಿತ್ತು. ಮಂಜರಿ ಫೋನಿನಲ್ಲಿ ಸಮಾಧಾನ ಹೇಳಿದಳು: "ಆಯಿ, ಅದು ತನ್ನನ್ನ ತಾನ ತಣ್ಣಗ ಮಾಡ್ಕೋಳಿಕ್ಕೆ ಸಾವಕಾಶ ಆಗ್ತದ. ಕೆಟ್ಟಿಲ್ಲ." ಭಾಮಾಬಾಯಿ ಇದನ್ನು ಒಪ್ಪಿದರು. "ಬಿಸಲಾಗ ಎತ್ತೂ ಸೋಲ್ತದ, ಇದೇನು ಮಹಾ," ಎಂದರು. ಧ್ವನಿಯಂತೂ ಸ್ವಚ್ಛವಾಗಿ ಬರುತ್ತಿತ್ತು. ಉಸಿರು ತೆಗೆದುಕೊಂಡದ್ದೂ ಕೇಳುತ್ತಿತ್ತು. ಕೆಲಸ ಮುಗಿಸಿ ಮುಚ್ಚಿಟ್ಟರೆ ಸ್ವಲ್ಪ ಹೊತ್ತಿಗೆಲ್ಲ ನೆಲದ ಫರಶಿಕಲ್ಲಿನಷ್ಟು ತಂಪಾಗುತ್ತಿತ್ತು. ಇಷ್ಟನ್ನು ಅವರು ಖಾತ್ರಿ ಮಾಡಿಕೊಂಡಿದ್ದರು. ಅಪರೂಪಕ್ಕೆ ಒಂದು ವಸ್ತುವನ್ನು ಅವರು ನಂಬುವ ಹಂತಕ್ಕೆ ಬಂದಿದ್ದರು.

ಮಳೆ ಹಿಡಿದ ಮೇಲೆ, ಜೂನ್ ಕೊನೆಯ ಒಂದು ಮಧ್ಯಾಹ್ನ, ಸಂತೆ ಮುಗಿಸಿ ಬಂದು ಓದಲು ಕೂತರು. ಹೊರಗೆ ಕೊಡೆ ಹಿಡಿಯುವಷ್ಟು ಮಳೆ, ಕೋಣೆಯಲ್ಲಿ ತಂಪು. ಬೆಳಗಿನಿಂದ ಮುಚ್ಚಿಯೇ ಇದ್ದ ಲ್ಯಾಪ್‌ಟಾಪನ್ನು ಎತ್ತಿದರೆ ಹೊಟ್ಟೆ ಬೆಚ್ಚಗಿತ್ತು.

ತೆರೆದರು. ಪರದೆಯ ಬೆಳಕು ಕಣ್ಣು ಕುಕ್ಕಿತು. ಅವರು ಯಾವಾಗಲೂ ಅರ್ಧ ಬೆಳಕಿನಲ್ಲಿಟ್ಟು ಮುಚ್ಚುವವರು, ಈಗ ಅದು ಪೂರ್ತಿ ಏರಿತ್ತು. ಭಾಮಾಬಾಯಿ ಕನ್ನಡಕ ಹಾಕಿಕೊಂಡು ಯಂತ್ರವನ್ನು ಕಿಟಕಿಯ ಹತ್ತಿರ ಒಯ್ದು ಅಂಚು ಅಂಚು ನೋಡಿದರು. ಬಲಗಡೆ, ಇಯರ್‌ಫೋನಿನ ಪಿನ್ನು ಹಾಕುವ ಚಿಕ್ಕ ತೂತಿನ ಸುತ್ತ, ನೀಲಿ ಹೋಗಿ ಬೆಳ್ಳನೆಯ ಗೀರುಗಳು ಬಿದ್ದಿದ್ದವು. ಒಂದೆರಡಲ್ಲ. ಕೋಳಿ ಕುಕ್ಕಿದ ಹಾಗೆ, ತೂತಿನ ಮೇಲೆ, ಕೆಳಗೆ, ಆಚೆ, ಈಚೆ.

ಮರುದಿನವೇ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು. "ಯಾರೋ ಬಳಸಿ ವಾಪಸು ಕೊಟ್ಟದ್ದನ್ನು ನನಗೆ ಮಾರಿದಿರಿ. ಬಣ್ಣ ಒಳಗೇ ಹಿಡಿಸಿದ್ದು ಅಂದಿದ್ದಿರಲ್ಲ, ಇದೇನು? ಮುಚ್ಚಿಟ್ಟರೂ ಬಿಸಿಯಾಗುತ್ತದೆ, ಒಳಗೆ ಏನು ನಡೆಸಿದೆ ಇದು?"

ವಿಕಾಸ ಪಾಪ, ತಾಳ್ಮೆಯಿಂದ ಎಲ್ಲ ನೋಡಿದ. ಬಣ್ಣ ಸುಲಿದಿಲ್ಲ, ಯಾರೋ ಪಿನ್ನಿನ ತುದಿಯಿಂದ ಗೀಚಿದ್ದಾರೆ, ಗಟ್ಟಿ ಲೋಹದ ತುದಿ ತಾಗಿದರೆ ಯಾವ ಬಣ್ಣವೂ ನಿಲ್ಲುವುದಿಲ್ಲ ಎಂದ. ಸ್ವಲ್ಪ ಹೊತ್ತು ಏನೇನೋ ಒತ್ತಿ ನೋಡಿ, ಯಂತ್ರದಲ್ಲಿ ದೋಷವಿಲ್ಲ ಎಂದ. ಕೊನೆಗೆ ದನಿ ತಗ್ಗಿಸಿ ಹೇಳಿದ: "ಕಾಕೂ, ನೀವು ಇಲ್ಲದಾಗ ಮನೆಯಲ್ಲಿ ಯಾರೋ ಬಳಸುತ್ತಿರಬೇಕು."

ಆ ಮಾತು ಭಾಮಾಬಾಯಿಯ ಜತೆ ಬಸ್ಸು ಹತ್ತಿತು.

ಮನೆಗೆ ಬಂದವರೇ ಯಜಮಾನರನ್ನು ಕೇಳಿದರು. ಅವಧೂತರಾವ ಕಿಟಕಿಯ ಬಳಿ ಪೇಪರು ಹಿಡಿದು ಕೂತಿದ್ದರು. ಪೇಪರು ಇಳಿಸದೆಯೇ, "ನನಗ್ಯಾಕ ಬೇಕು ಅದು?" ಎಂದರು. ಹೌದಲ್ಲ, ಅವರಿಗ್ಯಾಕೆ ಬೇಕು? ಅವರಿಗೆ ಪೇಪರು, ಬೆಳಗಿನ ತಿರುಗಾಟ, ಮಧ್ಯಾಹ್ನದ ನಿದ್ದೆ. ಉಳಿದದ್ದು ಶಿವಕಾಂತಾ.

ಶಿವಕಾಂತಾ ಅವರ ಮನೆಗೆಲಸಕ್ಕೆ ಬರುತ್ತಿದ್ದವಳು. ಆಳಂದ ಕಡೆಯವಳು. ಗಂಡ ದತ್ತು ಕಟ್ಟಡದ ಕೆಲಸದಲ್ಲಿದ್ದ. ಆಕೆ ಬಂದ ಮೊದಲ ದಿನ ಕನ್ನಡ ಕೇಳಿ ಭಾಮಾಬಾಯಿ ಎಷ್ಟು ಹಿಗ್ಗಿದ್ದರೆಂದರೆ, ಎಂದೂ ಯಾರಿಗೂ ಕೊಡದ ಮನೆಯ ಕೀಲಿಕೈಯನ್ನು ಕೆಲವೇ ತಿಂಗಳಲ್ಲಿ ಕೊಟ್ಟುಬಿಟ್ಟಿದ್ದರು. ಈಗ ಅದೇ ನೆನಪಾಯಿತು. ಇನ್ನೊಂದೂ ನೆನಪಾಯಿತು. ಓದುವಾಗ ಶಿವಕಾಂತಾ ಕಸಬರಿಗೆ ಹಿಡಿದು ಅಡಗಲಕೋಣೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. "ಮುಂದ ಆ ರಾಣಿ ಏನ್ ಮಾಡಿದ್ಳರಿ ಬಾಯಾರ?" ಎಂದು ಕೇಳುತ್ತಿದ್ದಳು. ಪಾಸ್‌ವರ್ಡ್ ಒತ್ತುವಾಗ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುವ ಚಟ ಭಾಮಾಬಾಯಿಗೆ. ಕಿವಿಯಿದ್ದ ಯಾರಿಗಾದರೂ ಅದು ಬಾಯಿಪಾಠವಾಗಿರಬೇಕು.

ಅವರು ಕೌದಿಯಿಂದ ಒಂದು ಕೆಂಪು ದಾರ ಕಿತ್ತು, ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಅಡ್ಡಲಾಗಿ ಇಟ್ಟು ಬ್ಯಾಂಕಿಗೆ ಹೋದರು. ಬಂದಾಗ ದಾರ ನೆಲದ ಮೇಲಿತ್ತು. ಯಂತ್ರ ಬೆಚ್ಚಗಿತ್ತು. ಅಡಿಗೆಮನೆಯಲ್ಲಿ ಶಿವಕಾಂತಾ ಭಾಂಡೆ ತೊಳೆಯುತ್ತಿದ್ದಳು.

"ಶಿವಕಾಂತಾ, ನನ್ನ ಕಂಪ್ಯೂಟರ್ ಮುಟ್ಟಿದ್ದೇನು?"

"ಇಲ್ಲ ಬಾಯಾರ. ನಾ ಯಾಕ ಮುಟ್ಲಿ? ಮ್ಯಾಗಿನ ಧೂಳಾನೂ ನೀವೇ ಒರಸ್ತೀರಿ."

"ಕಥಿ ಕೇಳಬೇಕಂತ ಹಚ್ಚಿದ್ರ ಹೇಳು, ನಾ ಬೈಯೂದಿಲ್ಲ. ಸುಳ್ಳ ಹೇಳಬ್ಯಾಡ."

ಶಿವಕಾಂತಾ ನಲ್ಲಿ ಬಂದ್ ಮಾಡಿದಳು. "ಕಥಿ ಕೇಳಬೇಕಂದ್ರ ನಿಮ್ಮ ಬಾಗಿಲಾಗ ನಿಂತು ಕೇಳ್ತಿದ್ದೆ, ನೀವೂ ನೋಡ್ತಿದ್ರಿ. ಕದ್ದು ಯಾಕ ಕೇಳ್ಲಿ?"

"ಮತ್ತ ಇದು ಬಿಸಿ ಯಾಕಾಗೇದ? ಮನ್ಯಾಗ ಮತ್ತ ಯಾರಿದ್ರು?"

ಹೊರಗಿನ ಕೋಣೆಯಲ್ಲಿ ಅವಧೂತರಾವ ಇದ್ದರು. ಅವರಿಗೆ ಎಲ್ಲವೂ ಕೇಳುತ್ತಿತ್ತು. ಅವರು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು. ಶಿವಕಾಂತಾ ಒಂದು ಗಳಿಗೆ ಹೊರಕೋಣೆಯ ಕಡೆ ನೋಡಿದಳು, ಮತ್ತೆ ಭಾಮಾಬಾಯಿಯ ಕಡೆ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಕೀಲಿಕೈ ತೆಗೆದು ಕಟ್ಟೆಯ ಮೇಲಿಟ್ಟಳು. ಅರ್ಧ ತೊಳೆದ ಭಾಂಡೆ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಭಾಮಾಬಾಯಿ ಅಷ್ಟಕ್ಕೆ ಬಿಡಲಿಲ್ಲ. ಕೀಲಿಕೈಯ ನಕಲು ಮಾಡಿಸಿಕೊಂಡಿದ್ದರೆ? ಮರುದಿನ ಮಿಸ್ತ್ರಿಯನ್ನು ಕರೆಸಿ ಬಾಗಿಲಿಗೆ ಹೊಸ ಕುಲುಪು ಹಾಕಿಸಿದರು. ಕಪ್ಪು ಬಣ್ಣದ, ನುಣ್ಣನೆಯ ಕುಲುಪು. ಎರಡೇ ಕೀಲಿಕೈ, ಒಂದು ಅವರಿಗೆ, ಒಂದು ಯಜಮಾನರಿಗೆ. ನಾನು ಮೆಟ್ಟಿಲಿಳಿಯುತ್ತ ಕಂಡು, "ಏನ್ರಿ ಇದು?" ಎಂದೆ. "ಯಾರನ್ನ ನಂಬೂದು ಹೇಳ್ರಿ ಈಗಿನ ಕಾಲದಾಗ" ಎಂದರು. ಶಿವಕಾಂತಾಳ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಮೂರೂ ಮಹಡಿಗೆ ಅರ್ಥವಾಗಿತ್ತು.

ಆಮೇಲೆ ಲ್ಯಾಪ್‌ಟಾಪ್ ತಣ್ಣಗೇ ಇತ್ತು. ಹೊರಗೆ ಹೋಗಿ ಬಂದು ಮುಟ್ಟಿದಾಗಲೆಲ್ಲ ತಣ್ಣಗೆ. ದಾರ ಇಟ್ಟಲ್ಲೇ ಇರುತ್ತಿತ್ತು. ಭಾಮಾಬಾಯಿಗೆ ತಮ್ಮ ಲೆಕ್ಕ ಸರಿಯಾಯಿತೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಭಾಂಡೆ ತಾವೇ ತೊಳೆಯುತ್ತ, ಬಾಗಿಲ ಕಡೆ ಆಗಾಗ ನೋಡುತ್ತಿದ್ದರಂತೆ. ಓದುವಾಗ ಮುಂದೇನಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಸಂಜೆ ಅವರು ದವಸದ ಚೀಲ ಹಿಡಿದು ಮೇಲೆ ಬಂದು, ಕೀಲಿಕೈ ಹುಡುಕಲು ಬಾಗಿಲ ಮುಂದೆ ಬಗ್ಗಿದರು. ಮೆಟ್ಟಿಲ ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಿತ್ತು. ಹೊಸ ಕುಲುಪಿನ ಕಪ್ಪು ಮೈಮೇಲೆ, ಕೀಲಿಕೈಯ ತೂತಿನ ಸುತ್ತ, ಬೆಳ್ಳನೆಯ ಗೀರುಗಳು. ಮೇಲೆ, ಕೆಳಗೆ, ಆಚೆ, ಈಚೆ. ಕೋಳಿ ಕುಕ್ಕಿದ ಹಾಗೆ.

ಭಾಮಾಬಾಯಿ ಚೀಲವನ್ನು ನೆಲಕ್ಕಿಟ್ಟರು. ಮೊದಲು ಬಂದ ಯೋಚನೆ ಅವರ ಗುಣಕ್ಕೆ ತಕ್ಕುದೇ. ಯಾರೋ ಕುಲುಪು ಮುರಿಯಲು ನೋಡಿದ್ದಾರೆ! ಆದರೆ ಅವರು ಗೀರುಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಮುರಿಯಲು ಬಂದವನ ಗೀರು ಆಳವಾಗಿರುತ್ತದೆ. ಇವು ಹಗುರ. ಹುಡುಕಿದ ಗೀರುಗಳು. ತೂತು ಎಲ್ಲಿದೆ ಎಂದು ತಡಕಿದ ಗೀರುಗಳು. ಕೀಲಿಕೈ ಇದ್ದದ್ದು ಇಬ್ಬರ ಹತ್ತಿರ. ತಮ್ಮ ಕೈ ತಡಕುವುದಿಲ್ಲ.

ಒಳಗೆ ಹೋದರು. ಅವಧೂತರಾವ ಪೇಪರು ಹಿಡಿದು ಕೂತಿದ್ದರು. ಭಾಮಾಬಾಯಿ ಅವರನ್ನೇ ನೋಡತೊಡಗಿದರು. ಆ ಸಂಜೆಯಿಂದ ಅವರ ಅನುಮಾನವೆಲ್ಲ ತಮ್ಮ ಗಂಡನ ಮೇಲೆ ನೆಟ್ಟಿತು. ಪೇಪರಿನ ಪುಟ ತಿರುಗುತ್ತಲೇ ಇರಲಿಲ್ಲ. ಚಹಾ ಕೊಟ್ಟರೆ ಮೊದಲು ಬೆರಳಿಂದ ಕಪ್ಪಿನ ಕಿವಿ ಹುಡುಕುತ್ತಿದ್ದರು. ಮಾತಾಡಿಸಿದರೆ ಮುಖವನ್ನು ನೇರ ನೋಡದೆ, ಕೋಳಿಯಂತೆ ತಲೆ ಓರೆ ಮಾಡಿ ಕಿವಿಯ ಪಕ್ಕ ನೋಡುತ್ತಿದ್ದರು. ಇದೆಲ್ಲ ಎಷ್ಟು ದಿನದಿಂದ ನಡೆದಿತ್ತು? ತಕ್ಕಡಿಯ ತಳ ಸವರಿ ನೋಡುವ ಹೆಂಗಸು ಎದುರಿಗೆ ಕೂತ ಗಂಡನನ್ನು ನೋಡಿರಲಿಲ್ಲ.

ಕೇಳಿದರೆ ಒಪ್ಪುವ ಮನುಷ್ಯ ಅಲ್ಲವೆಂದು ಅವರಿಗೆ ಗೊತ್ತಿತ್ತು. "ಮಂಜರಿ ಕಡೆ ಹೋಗಿಬರ್ತೀನ್ರಿ, ಸಂಜಿ ಆಗ್ತದ" ಎಂದು ಹೇಳಿ ಹೊರಟರು. ಬಸ್‌ಸ್ಟಾಪಿನಲ್ಲಿ ಕೂತು ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ವಾಪಸು ಬಂದು ಸದ್ದಾಗದಂತೆ ಬಾಗಿಲು ತೆರೆದರು.

ಹೊರಕೋಣೆಯಲ್ಲಿ ಯಾರೂ ಇರಲಿಲ್ಲ. ಅಡಗಲಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಧೂತರಾವ ಕೌದಿಯ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪು ಪಕ್ಕದ ಕೌದಿಯ ಮೇಲೆಯೇ ಇತ್ತು, ಪರದೆ ಪೂರ್ತಿ ಬೆಳಗುತ್ತಿತ್ತು. ಕಿವಿಯಲ್ಲಿ ಇಯರ್‌ಫೋನು. ಕಣ್ಣು ಮುಚ್ಚಿದ್ದರು. ಮುಖದಲ್ಲಿ ಸಣ್ಣ ನಗು.

ಭಾಮಾಬಾಯಿ ಹೋಗಿ ಎದುರಿಗೆ ಕೂತು ಅವರ ಮೊಣಕಾಲು ಮುಟ್ಟಿದರು. ಅವಧೂತರಾವ ಬೆಚ್ಚಿಬಿದ್ದು ಇಯರ್‌ಫೋನು ಕಿತ್ತರು. ಅದರೊಳಗಿಂದ ಭಾಮಾಬಾಯಿಯದೇ ದನಿ ಸಣ್ಣಗೆ ಕೇಳುತ್ತಿತ್ತು.

"ಏನ ಕೇಳ್ಲಿಕತ್ತೀರಿ?"

ಅವರು ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಆ ಪ್ರವಾಸದ ಪುಸ್ತಕ. ಶಿವಕಾಂತಾ ಹ್ವಾದ ಮ್ಯಾಲ ಮುಟ್ಟಿದ್ದಿಲ್ಲ, ಇವತ್ತ ತಡೀಲಿಕ್ಕಾಗಲಿಲ್ಲ. ನಡುವ ನೀ ಹಾಲಿನವಗ ಬೈದದ್ದು ಹಂಗ ಉಳದದ. ತಗದಿಲ್ಲ ಇನ್ನೂ," ಎಂದರು.

"ಓದ್ಲಿಕ್ಕೆ ಬರೂದಿಲ್ಲೇನು ನಿಮಗ?"

"ಅಕ್ಷರ ನಡುವಿಂದ ಮಾಯ ಆಗ್ತಾವ. ಬದಿಯಿಂದು ಕಾಣಸ್ತದ, ನೋಡಬೇಕಂದದ್ದು ಕಾಣಸೂದಿಲ್ಲ."

"ಯಾವಾಗಿಂದ?"

"ಹ್ವಾದ ದೀಪಾವಳಿಗಿಂತ ಮೊದಲ. ಕಿಟಕಿ ಸರಳು ಸೊಟ್ಟ ಕಾಣಸ್ಲಿಕತ್ತು. ನಾ ಮಿಸ್ತ್ರಿ ತಪ್ಪು ಅನಕೊಂಡೆ. ಆಮ್ಯಾಲ ಬಾಗಿಲಾನೂ ಸೊಟ್ಟ, ಕಂಬಾನೂ ಸೊಟ್ಟ." ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಓರೆಯಾಗಿ. "ನೆಟ್ಟಗ ಗೆರಿ ಎಳದು ಹೊಟ್ಟಿ ತುಂಬ್ಕೊಂಡಾಂವ ನಾ. ಗೆರಿನ ಸೊಟ್ಟ ಕಾಣಸ್ತದ ಅಂತ ಯಾರಿಗೆ ಹೇಳ್ಲಿ?"

ಭಾಮಾಬಾಯಿಗೆ ಅಳು ಬಂದಿತ್ತು. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. ಅದನ್ನು ಅವರೇ ನನಗೆ ಮುಚ್ಚುಮರೆ ಇಲ್ಲದೆ ಹೇಳಿದರು. "ನಿಮ್ಮ ಕಣ್ಣಿನ ಮಾತು ಆಮ್ಯಾಲ. ಶಿವಕಾಂತಾನ ನಾ ಕಳ್ಳಿ ಅಂದೆ. ನೀವು ಅಲ್ಲೆ ಕೂತು ಕೇಳಿದ್ರಿ. ಒಂದ ಮಾತು, 'ನಾನ ಹಚ್ಚಿದ್ದೆ' ಅಂತ ಒಂದ ಮಾತು ಬಾಯಾಗಿಂದ ಬರ್ಲಿಲ್ಲ ನಿಮಗ?"

"ಬರ್ಲಿಲ್ಲ," ಎಂದರು ಅವಧೂತರಾವ. "ಹೇಳೂಣು ಅಂತ ಎದ್ದೆ. ಅಷ್ಟರಾಗ ಆಕಿ ಹೋಗಿದ್ಳು."

"ಆಕಿ ಹ್ವಾದ ಮ್ಯಾಲೂ ನಾನಿದ್ದೆ."

ಅವಧೂತರಾವ ತಡಕಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು.

ಮರುದಿನ ಮಂಜರಿ ಬಂದು ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಭಾಮಾಬಾಯಿಯೂ ಹೋದರು. ಡಾಕ್ಟರು ಒಬ್ಬ ಹೆಂಗಸು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವಿನ ಭಾಗ ಕೆಡುತ್ತಿದೆ, ಇಂಜೆಕ್ಷನ್ ಕೊಟ್ಟು ಇನ್ನೂ ಕೆಡದಂತೆ ನೋಡಿಕೊಳ್ಳಬಹುದು, ಆದರೆ ಹೋದದ್ದು ಪೂರ್ತಿ ವಾಪಸು ಬರಲಿಕ್ಕಿಲ್ಲ ಎಂದರು. ಮೊದಲೇ ಬಂದಿದ್ದರೆ ಇನ್ನೂ ಉಳಿಯುತ್ತಿತ್ತು ಎಂದೂ ಹೇಳಿದರು. ಕಣ್ಣಿಗೇ ಇಂಜೆಕ್ಷನ್ ಎಂದೊಡನೆ ಭಾಮಾಬಾಯಿ ಕುರ್ಚಿಯಿಂದ ಎದ್ದುಬಿಟ್ಟರು. ಇನ್ನೊಂದು ಆಸ್ಪತ್ರೆಗೆ ಹೋದರು, ಅಲ್ಲಿಯೂ ಅದೇ ಮಾತು. ಆಗ ಒಪ್ಪಿದರು. ಒಪ್ಪಿದ ಮೇಲೂ ಔಷಧಿಯ ಶೀಶೆಯ ತಾರೀಖು ತಾವೇ ಓದದೆ ಮುಂದುವರಿಯಲು ಬಿಡಲಿಲ್ಲ. ಡಾಕ್ಟರು ಬೇಸರಪಟ್ಟುಕೊಳ್ಳದೆ ಶೀಶೆಯನ್ನು ಅವರ ಕೈಗೆ ಕೊಟ್ಟರಂತೆ.

ಮೊದಲ ಇಂಜೆಕ್ಷನ್ ಆದ ವಾರದಲ್ಲೇ ಗಂಡಹೆಂಡತಿ ಇಬ್ಬರೂ ಶಿವಕಾಂತಾಳನ್ನು ಹುಡುಕಿಕೊಂಡು ಹೋದರು. ಆಕೆ ಎದುರು ರಸ್ತೆಯ ಒಂದು ಬಂಗಲೆಯಲ್ಲಿ ಕೆಲಸ ಹಿಡಿದಿದ್ದಳು. ಗೇಟಿನ ಹತ್ತಿರ ಅಂಗಳ ಗುಡಿಸುತ್ತಿದ್ದಳು. ಅವಧೂತರಾವ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲಿಳಿದು ರಸ್ತೆ ದಾಟಿದ್ದನ್ನು ನಾನು ಬಾಲ್ಕನಿಯಿಂದ ನೋಡಿದೆ. ಅವರು ಹಾಗೆ ನಡೆದದ್ದನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ.

ಮೊದಲು ಮಾತಾಡಿದವರು ಅವರೇ. "ಶಿವಕಾಂತಾ, ಅವತ್ತು ಕಂಪ್ಯೂಟರ್ ಹಚ್ಚಿದಾಂವ ನಾನು. ನಿನ್ನ ಮ್ಯಾಲ ಬಂದಾಗ ಸುಮ್ಮಕ ಕೂತೆ. ತಪ್ಪಾತು."

ಶಿವಕಾಂತಾ ಕಸಬರಿಗೆ ನಿಲ್ಲಿಸಿದಳು. "ನಂಗ್ ಗೊತ್ತಿತ್ರಿ ಸಾಹೇಬ್ರ. ನಿಮ್ಮನ್ನ ಆ ಖೋಲ್ಯಾಗ ನೋಡಿದ್ದೆ ನಾ."

ಭಾಮಾಬಾಯಿ ಬೆರಗಾದರು. "ಗೊತ್ತಿದ್ರ ನಂಗ್ಯಾಕ ಹೇಳ್ಲಿಲ್ಲವಾ?"

"ಹೇಳಿದ್ರ ನಂಬತಿದ್ರೇನ್ರಿ?" ಎಂದಳು ಶಿವಕಾಂತಾ. "ತಾ ತಪ್ಪಿಸ್ಕೋಳ್ಲಿಕ್ಕೆ ಯಜಮಾನ್ರ ಮ್ಯಾಗ ಹಾಕ್ತಾಳ ಅಂತಿದ್ರಿ. ಮತ್ತ, ಅವರು ಮುಚ್ಚಿಟ್ಟದ್ದು ನಾ ಯಾಕ ಬಿಚ್ಲಿ?"

"ಮನಿಗೆ ಬಾ. ಕೀಲಿಕೈ ತಗೋ. ಮೊದಲಿನಂಗ ಇರೂಣು."

"ಬ್ಯಾಡ್ರಿ ಬಾಯಾರ. ನೀವು ಬಂದು ಅಂದ್ರಿ, ಅಷ್ಟ ಸಾಕು. ಮತ್ತ ಆ ಮನ್ಯಾಗ ಏನರೆ ಇಟ್ಟಲ್ಲಿ ಇಲ್ಲಂದ್ರ ನಂಗೂ ಎದಿ ಧಸಕ್ ಅಂತದ, ನಿಮಗೂ ಅಂತದ." ಆಕೆ ಅವಧೂತರಾವರ ಕಡೆ ತಿರುಗಿ, "ಕಣ್ಣಿಗೆ ಏನಂದ್ರು ಡಾಕ್ಟರ್?" ಎಂದು ಕೇಳಿದಳು. ಎಲ್ಲ ಕೇಳಿಸಿಕೊಂಡಳು. ಕೆಲಸಕ್ಕೆ ಮಾತ್ರ ಮರಳಿ ಬರಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. ಭಾಮಾಬಾಯಿಗೆ ಅದೊಂದು ನೋವು ಹಾಗೇ ಉಳಿದಿದೆ. ಬೇರೆ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಅವರಿಗೆ ಮನಸ್ಸಾಗಿಲ್ಲ.

ಇತ್ತ ಅಡಗಲಕೋಣೆಯಲ್ಲಿ ಈಗ ಎರಡು ಮಣೆ. ಭಾಮಾಬಾಯಿ ಓದಿ ಮುಗಿಸಿದ ಮೇಲೆ ಅವಧೂತರಾವ ಕೇಳಿ ತಪ್ಪು ಹಿಡಿಯುತ್ತಾರೆ. ಉಸಿರು ತುಂಡಾದದ್ದು, ಅಲ್ಪಪ್ರಾಣ ಮಹಾಪ್ರಾಣ ಜಾರಿದ್ದು, ಕೌದಿಗಳನ್ನೂ ದಾಟಿ ಬಂದ ಕುಕ್ಕರಿನ ಸೀಟಿ, ಎಲ್ಲ. ಇಯರ್‌ಫೋನಿನ ತೂತಿನ ಪಕ್ಕದಲ್ಲಿ ಭಾಮಾಬಾಯಿ ಕುಂಕುಮದ ಬೊಟ್ಟಿನಷ್ಟು ಅಗಲದ ಒಂದು ರಬ್ಬರಿನ ಉಬ್ಬುಚುಕ್ಕೆ ಅಂಟಿಸಿಕೊಟ್ಟಿದ್ದಾರೆ, ಬೆರಳಿಗೆ ಸಿಗಲೆಂದು. ಇಬ್ಬರೂ ಜಗಳವಾಡುವುದು ನನ್ನ ಮನೆಗೂ ಕೇಳುತ್ತದೆ. "ನೀ ಈ ವಾಕ್ಯ ನುಂಗಿದಿ." "ನುಂಗಿಲ್ರಿ, ನಿಮ್ಮ ಕಿವಿಯೂ ಹೋಗೇದೇನು?" "ಕಿವಿ ನೆಟ್ಟಗ ಅದ. ಮತ್ತ ಓದು."

ಮೊನ್ನೆ ದಸರೆಗೆ ಅವರು ಧಾರವಾಡಕ್ಕೆ ಹೊರಟಾಗ ನಾನೂ ನನ್ನ ತಮ್ಮನನ್ನು ಕಳಿಸಲು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಜನ ಕಿಕ್ಕಿರಿದಿತ್ತು, ಬಸ್ಸುಗಳು ಒಂದರ ಹಿಂದೆ ಒಂದು ನುಗ್ಗುತ್ತಿದ್ದವು. ಅವಧೂತರಾವ ಚೀಲದ ಮೇಲೆ ಕೈಯಿಟ್ಟು ನಿಂತಿದ್ದರು. ಒಂದು ಬಸ್ಸು ತಿರುಗಿ ಬಂದು ನಿಂತಿತು. ಅವರು ಸ್ವಲ್ಪ ಹೊತ್ತು ಅದರ ಕಡೆ ತಲೆ ಓರೆ ಮಾಡಿ ನೋಡಿದರು. ಆಮೇಲೆ ಅಷ್ಟೂ ಜನರ ನಡುವೆ, ಗಟ್ಟಿಯಾಗಿಯೇ ಕೇಳಿದರು:

"ಭಾಮಾ, ಆ ಬೋರ್ಡ್ ನಂಗ ಕಾಣಸ್ವಲ್ದು. ಏನದ ಓದು."

"ಹುಬ್ಬಳ್ಳಿ ಅಂತ ಅದ ರೀ. ನಮ್ದ."

"ಸರಿಯಾಗಿ ನೋಡಿದಿ? ಕೊಲ್ಲಾಪುರದ್ದಲ್ಲ ಹೌದಲ್ಲೋ? ಕಂಡಕ್ಟರ್‌ನ್ನ ಒಮ್ಮೆ ಕೇಳು."

ಭಾಮಾಬಾಯಿ ನಕ್ಕರು. ನನ್ನ ಕಡೆ ತಿರುಗಿ, "ನೋಡ್ರಿ, ಅನುಮಾನದಾಕಿ ಅಂತ ನಂಗ ಅಂತಾರ ಜನ" ಎಂದು ಹೇಳಿ, ಗಂಡನ ಕೈಯನ್ನು ತಮ್ಮ ಭುಜದ ಮೇಲಿಟ್ಟುಕೊಂಡು ಕಂಡಕ್ಟರನ್ನು ಕೇಳಲು ಹೊರಟರು.